ಬೆಡಗು ಹುಡುಕಾಕ ಹೋದದ್ದು

ನಮ್ಮಪ್ಪಗ ತನ್ನ ಬೆಡಗು ಯಾವದು ಅಂತ ಗೊತ್ತಿದ್ದಿಲ್ಲ. ನಮ್ಮ ಮಂದಿಯೊಳಗ ಇದು ಸಣ್ಣ ಮಾತಲ್ಲ. ಬೆಡಗು ಅಂದ್ರ ವಂಶದ ಗುರ್ತು. ಒಂದ ಬೆಡಗಿನವರೆಲ್ಲಾ ಅಣ್ಣತಮ್ಮರು, ಅವರೊಳಗ ಹೆಣ್ಣು ಕೊಡೂದಿಲ್ಲ, ತರೂದಿಲ್ಲ. ಕನ್ಯಾ ನೋಡಾಕ ಬಂದವರು ಹುಡುಗಿ ಮಾರಿ ನೋಡೂಕಿಂತ ಮೊದಲ ಇದನ್ನ ಕೇಳ್ತಾರ. ನನ್ನ ನೋಡಾಕ ಬಂದವರು ಮಾತ್ರ ಅವಲಕ್ಕಿ ತಿಂದು, ಚಾ ಕುಡದು, ಹುಡುಗಿ ಪಸಂದ ಅದಾಳ ಅಂತ ಹೇಳಿ, ಎದ್ದು ಹೋಗೂ ಮುಂದ ಕೇಳಿದ್ರು. ತಮ್ಮ ಬೆಡಗು ಹೇಳಿದ್ರು, "ನಿಮ್ಮದು ಯಾವದ್ರೀ?" ಅಂದ್ರು. ಅಪ್ಪ ತಲಿ ಕೆಳಗ ಹಾಕಿದ.

ಆಗ ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರಿಟ್ಟು ಒಂದು ವರ್ಷ ಆಗಿತ್ತು. ಹುಡುಗ ಬಸವನ ಬಾಗೇವಾಡಿಯಾಂವ, ಸಾಲಿ ಮಾಸ್ತರ. ನಾ ಅವನ್ನ ಒಳಗಿನ ಬಾಗಲ ಸಂದಿಯಿಂದ ನೋಡಿದೆ. ಎಲ್ಲಾರೂ ಚಾ ಕುಡದು ಕಪ್ಪು ನೆಲದ ಮ್ಯಾಲ ಬಿಟ್ಟು ಎದ್ರ, ಅಂವ ಒಬ್ಬಾಂವ ಬಗ್ಗಿ ಎಲ್ಲಾ ಕಪ್ಪು ಕೂಡಿಸಿ ತಾಟಿನ್ಯಾಗ ಇಟ್ಟ. ಅಷ್ಟಕ್ಕ ನನ್ನ ಮನಸ ಅವನ ಮ್ಯಾಲ ಹೋತು. ನಗಬ್ಯಾಡ್ರಿ. ನಮ್ಮ ಮನ್ಯಾಗ ಗಂಡಸರು ಕಪ್ಪು ಎತ್ತಿದ್ದು ನಾ ಹುಟ್ಟಿದಾಗಿಂದ ನೋಡಿದ್ದಿಲ್ಲ.

ಅಪ್ಪ ಇಂಡಿ ಬಜಾರದಾಗ ಹಗ್ಗ, ಮಿಣಿ ಮಾರ್ತಿದ್ದ. ನಮ್ಮ ಮುತ್ಯಾ, ಅಪ್ಪನ ಅಪ್ಪ, ಎಲ್ಲಿಂದೋ ಬಂದು ಇಂಡಿ ಸೇರಿದಾಂವ. ಅಪ್ಪ ಹುಟ್ಟಿದ್ದು ಇಂಡಿಯೊಳಗ, ನಾನೂ ಅಲ್ಲೇ, ಆದ್ರೂ ಓಣಿ ಮಂದಿ ಬಾಯಾಗ ನಾವು 'ಬಂದವರು'. ಒಂದ ಕೊಡ ನೀರಿಗೆ ಜಗಳಾದ್ರೂ, "ನೀವು ಯಾವೂರವರೋ ಏನೋ, ನಿಮ್ಮದೇನ ಕೇಳೂದು" ಅನ್ನವರು. ಅಪ್ಪಗ ಅದು ಒಳಗ ಮುರದ ಮುಳ್ಳಿನಂಗ ಚುಚ್ಚತಿತ್ತು. ಬೀಗರಾಗವರ ಮುಂದೂ ಹಂಗಾದ ಮ್ಯಾಲ ಅಂವ ಹಟಕ್ಕ ಬಿದ್ದ. "ಹುಡುಕಿಕೊಂಡು ಬಂದು ಹೇಳ್ತೇನ್ರಿ" ಅಂತ ಅವರಿಗೆ ಮಾತು ಕೊಟ್ಟ. ಅಪ್ಪಗ ಬಸ್ಸಿನ ಬೋರ್ಡು ಓದಾಕ ಬರ್ತಿದ್ದಿಲ್ಲ, ಅದಕ್ಕ ನನ್ನ ಕರಕೊಂಡು ಹೊಂಟ. ನನಗೂ ಅವಸರ ಇತ್ತು ಅಂತ ಬ್ಯಾರೆ ಹೇಳಬೇಕೇನು!

ಮುತ್ಯಾ ಇದ್ದಾಗ ದೇವಣಗಾಂವದ ಹೆಸರು ಹೇಳ್ತಿದ್ದ, ಅದಕ್ಕ ಸಿಂದಗಿ ಮ್ಯಾಲೆ ಹಾದು ಮೊದಲು ಅಲ್ಲಿಗೆ ಹೋದ್ವಿ. ಭೀಮಾ ಹೊಳಿ ದಂಡ್ಯಾಗ ಕೇಳಕೋತ ಕೇಳಕೋತ ಒಬ್ಬ ಹಣ್ಣ ಮುದುಕಿ ಸಿಕ್ಕಳು. ಅಕಿ ಮಾತು ಕೇಳಿ ಅಪ್ಪನ ಮಾರಿ ಇಳೀತು. "ನಿಮ್ಮಪ್ಪನ ಅವ್ವ ಈ ಊರಾಕಿ ಅಲ್ಲಪಾ. ಪ್ಲೇಗಿನಾಗ ಒಂದು ಕೂಸು ಬಗಲಾಗ ಕಟಗೊಂಡು ನಾಲತವಾಡ ಕಡಿಂದ ನಡಕೋತ ಬಂದಾಕಿ. ನಮ್ಮ ದನದ ಕೊಟ್ಟಿಗ್ಯಾಗ ಇದ್ಲು. ದುಡದು ದುಡದು ಅಲ್ಲೇ ಸತ್ತಳು." ಆ ಕೊಟ್ಟಿಗಿ ಇನ್ನೂ ಇತ್ತು. ಒಂದು ಎಮ್ಮಿ ಕಟ್ಟಿದ್ರು. ನಮ್ಮ ವಂಶದ ಮನಿ ಅಂತ ನೋಡಾಕ ಬಂದು ನಾವು ಎಮ್ಮಿ ನೋಡಿದ್ವಿ.

ಅಲ್ಲಿಂದ ಮುದ್ದೇಬಿಹಾಳಕ್ಕ, ಮುದ್ದೇಬಿಹಾಳದಿಂದ ನಾಲತವಾಡಕ್ಕ. ಅಲ್ಲಿ ಕಟ್ಟಿ ಮ್ಯಾಲ ಕುಂತ ಒಬ್ಬ ಮುದುಕ ಅಪ್ಪನ ಮಾತು ಪೂರಾ ಕೇಳಿ, "ಆ ಕೂಸಿನ ಎಡಗಾಲ ಬೆರಳು ಒಲ್ಯಾಗ ಸುಟ್ಟು ಕೂಡಿಕೊಂಡಿದ್ವೇನು?" ಅಂದ. ಅಪ್ಪ ಹೌದ್ರಿ ಅಂದ. ಮುತ್ಯಾನ ಆ ಕಾಲು ತಿಕ್ಕಿ ತೊಳದಾಕಿ ನಾನ. ಮುದುಕ ಎದ್ದು ಅಪ್ಪನ್ನ ತೆಕ್ಕಿಗೆ ಹಾಯ್ಕೊಂಡು ಅಳಾಕತ್ತಿದ. ಅಂವ ಮುತ್ಯಾನ ಚಿಗಪ್ಪನ ಮಗ.

ಆಮ್ಯಾಲ ಹಳೇ ಮನಿ ತೋರಿಸಾಕ ಕರಕೊಂಡು ಹೋದ. ಮಾಳಗಿ ತೊಲಿ ಯಾರೋ ಕಿತಗೊಂಡು ಹೋಗಿದ್ರು. ಗ್ವಾಡಿ ಕುಸದು ದಿಬ್ಬ ಆಗಿತ್ತು, ಅದರ ಮ್ಯಾಲ ಜಾಲಿ ಬೆಳದಿತ್ತು. ಪ್ಲೇಗಿನಾಗ ಆ ಮನ್ಯಾಗ ಹೆಣದ ಮ್ಯಾಲ ಹೆಣ ಬಿದ್ದುವಂತ. "ನಿಮ್ಮ ಆಯೀನ, ನಿಮ್ಮಪ್ಪನ ಅವ್ವನ್ನ, ಗಂಡ ಸತ್ತ ದಿನಾನ ನಮ್ಮಪ್ಪ ಹೊರಗ ಹಾಕಿದ. ಬ್ಯಾನಿ ಅಕಿ ಮೈಯಾಗ ಐತಿ ಅಂತ ಎಲ್ಲಾರಿಗೂ ಅಂಜಿಕಿ. ಕೂಸಿಗೆ ಒಂದು ರೊಟ್ಟಿನೂ ಕಟ್ಟಿ ಕೊಡಲಿಲ್ಲ" ಅಂತ ಮುದುಕ ಮುಚ್ಚಿಡದ ಹೇಳಿದ. ನನ್ನ ಮೈ ಉರೀತು. ಅಪ್ಪ ಮಾತ್ರ ಆ ದಿಬ್ಬದ ಮಣ್ಣು ಹಣಿಗೆ ಹಚಗೊಂಡು, "ನಮ್ಮ ಬೆಡಗು ಯಾವದ್ರಿ ಕಾಕಾ?" ಅಂದ.

ಮುದುಕ ಹೇಳಿದ. ಅದರ ಹೆಸರು ನಾ ಇಲ್ಲಿ ಬರಿಯೂದಿಲ್ಲ. ಬಾಗೇವಾಡಿಯವರು ನಮ್ಮ ಮನ್ಯಾಗ ಕುಂತು ಹೇಳಿದ್ದೂ ಅದ ಬೆಡಗು. "ನಮ್ಮದೊಂದು ಮನಿ ಬಾಗೇವಾಡ್ಯಾಗೂ ಐತಿ, ಅವರ ಹುಡುಗ ಮಾಸ್ತರಕಿ ಮಾಡ್ತಾನ" ಅಂತ ಅಂವ ಹಿಗ್ಗಿಲೇ ಹೇಳಾಕತ್ತಿದ. ಅಪ್ಪ ನನ್ನ ಕಡೆ ನೋಡಿದ. ನಾ ಜಾಲಿ ಗಿಡದ ಕಡೆ ನೋಡಿದೆ.

ತಿರುಗಿ ಬರೂ ಮುಂದ ಬಸ್ಸಿನ್ಯಾಗ ನಾ ನಾಚಿಕಿ ಬಿಟ್ಟು ಕೇಳಿದೆ. "ಅಪ್ಪಾ, ಬೆಡಗು ಸಿಗಲಿಲ್ಲ ಅಂತ ಹೇಳು. ಇಲ್ಲಾಂದ್ರ ಬ್ಯಾರೆ ಯಾವದರ ಹೆಸರು ಹೇಳು. ಯಾರಿಗೆ ತಿಳೀತೈತಿ?"

ಅಪ್ಪ ಹಣಿ ಮ್ಯಾಲಿನ ಮಣ್ಣು ಮುಟ್ಟಿಕೊಂಡ. "ಇಷ್ಟು ವರ್ಷ ನಾ ಯಾರವ ಅಂತ ತಿಳೀದ ಬದಕೇನಿ ಯವ್ವಾ. ಇವತ್ತು ತಿಳೀತು. ತಿಳದ ಮ್ಯಾಲ ಹೆಂಗ ಮುಚ್ಚಿಡ್ಲಿ? ಅಂವ ನಿನಗ ಅಣ್ಣ ಆಗ್ಬೇಕು."

"ನಿನ್ನ ಆಯೀನ ಹೊರಗ ದಬ್ಬಿದವರ ಬೆಡಗಿಗೆ ನನ್ನ ಬಾಳೇವು ಕೊಡ್ತೀಯೇನು?" ಅಂದೆ. ಹಿಂದ ಮುಂದ ಕುಂತವರು ಹೊಳ್ಳಿ ನೋಡಿದ್ರು. ನೋಡವಲ್ಲರ್ಯಾಕ, ನನಗೇನು.

ಬಾಗೇವಾಡ್ಯಾಗ ಇಳದು ಅಪ್ಪ ತಾನ ಒಬ್ಬಾಂವ ಹುಡುಗನ ಮನಿಗೆ ಹೋದ. ನಾ ಸ್ಟ್ಯಾಂಡಿನ್ಯಾಗ ಗಂಟು ಕಾಯಕೋತ ಕುಂತೆ. ತಿರುಗಿ ಬರೂ ಮುಂದ ಅಪ್ಪನ ಹೆಗಲ ಮ್ಯಾಲ ಹೊಸಾ ಟಾವೆಲ್ ಇತ್ತು. ಅಣ್ಣಾ ಅಂತ ಕರದು, ಒತ್ತಾಯ ಮಾಡಿ ಉಣಿಸಿ, ಅದನ್ನ ಹೊದಿಸಿದ್ರಂತ. ಹುಡುಗ ಮನ್ಯಾಗ ಇದ್ನೋ ಇಲ್ಲೋ ಅಂತ ಕೇಳಾಕ ನನಗ ಬಾಯಿ ಬರಲಿಲ್ಲ. ಇಂಡಿಗೆ ಬಂದ ಮ್ಯಾಲ ಅಪ್ಪ ಓಣ್ಯಾಗ ಮನಿ ಮನಿಗೂ ನಿಂತು ನಾವು ಇಂಥಾ ಊರವರು, ಇಂಥಾ ಬೆಡಗಿನವರು ಅಂತ ಹೇಳ್ಯಾನ. ಅವನ ಆ ಹಿಗ್ಗು ನನಗ ತಡಕೊಳ್ಳಾಕ ಆಗಲಿಲ್ಲ.

ಆ ಬ್ಯಾಸಗ್ಯಾಗ ನನ್ನ ಸಿಂದಗಿಗೆ ಕೊಟ್ರು. ಗಂಡ ಕೆಟ್ಟಾಂವ ಅಲ್ಲ. ಅದಕ್ಕಿಂತ ಹೆಚ್ಚು ಅವನ ಬಗ್ಗೆ ಹೇಳೂದು ಏನಿಲ್ಲ.

ಶ್ರಾವಣ ಬಂತು. ನಮ್ಮ ಕಡೆ ನಾಗರ ಪಂಚಮಿಗೆ ತವರಿಗೆ ಕರಿಯಾಕ ಅಣ್ಣತಮ್ಮರು ಬರಬೇಕು. ನನಗ ಒಡಹುಟ್ಟಿದವರು ಯಾರೂ ಇದ್ದಿಲ್ಲ. ಅಪ್ಪ ತಾನ ಬರ್ತಾನ ಅಂತ ತಿಳಕೊಂಡಿದ್ದೆ. ಒಂದು ಮುಂಜಾನಿ ನಾ ಒಳಗ ರೊಟ್ಟಿ ಬಡೀತಿದ್ದೆ, ನಮ್ಮತ್ತಿ ಹೊರಗಿನಿಂದ, "ಏ ತಂಗಿ, ನಿಮ್ಮಪ್ಪ ನಿಮ್ಮಣ್ಣನ್ನ ಕಳಿಸ್ಯಾನ ನೋಡು, ಬಾಗೇವಾಡಿ ಮಾಸ್ತರನ್ನ. ಕಾಲಿಗೆ ನೀರು ಕೊಡು" ಅಂದ್ಲು.

ಕೈಯಾಗಿನ ಹಿಟ್ಟು ತೊಳಕೊಂಡು ತಂಬಗಿ ತಗೊಂಡು ಹೊರಗ ಬಂದೆ. ಅಂವ ಅಂಗಳದಾಗ ನೆಲ ನೋಡಕೋತ ನಿಂತಿದ್ದ, ಕೈಯಾಗ ಉಂಡಿ ಡಬ್ಬಿ. ಅತ್ತಿ ನನ್ನ ಮಾರೀನ ನೋಡಾಕತ್ತಿದ್ಲು. ನೀರು ಅವನ ಮುಂದ ಇಟ್ಟು, "ಬಾ ಅಣ್ಣಾ" ಅಂದೆ. ಅದಕ್ಕಿಂತ ಮೊದಲು ನಾ ಅವನ ಜೋಡಿ ಒಂದ ಮಾತೂ ಆಡಿದ್ದಿಲ್ಲ.