ಏಳುನೂರರ ಕೆಂಪು ಗೆರೆ

ತುಮಕೂರಿನ ಶೆಟ್ಟಿಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಏಳಾದರೆ ಕುಕ್ಕರುಗಳು ಒಂದಾದ ಮೇಲೊಂದು ಶಿಳ್ಳೆ ಹೊಡೆಯುತ್ತವೆ. ಅಂದು ಅವುಗಳ ನಡುವೆ ಬೇರೊಂದು ಶಿಳ್ಳೆ ಕೇಳಿಸಿತು. ಸಣ್ಣದು, ಉದ್ದದ್ದು, ಏರುತ್ತ ಏರುತ್ತ ಬಂದು ಗೇಟಿನ ಮುಂದೆ ನಿಂತದ್ದು. ದೋಸೆ ಹುಯ್ಯುತ್ತಿದ್ದ ಶಶಿರೇಖಾ ಸೌಟನ್ನು ಗಾಳಿಯಲ್ಲೇ ಹಿಡಿದು ಕಿವಿಗೊಟ್ಟಳು.

“ಗುಬ್ಬಿ ಚನ್ನೇಶ. ಟರ್ಬೊ ನರಳ್ತಾ ಐತೆ.”

“ಮೂರು ದಿನದಿಂದ ನಾನು ಕೆಮ್ತಾ ಇದೀನಿ, ಅದು ಕೇಳಿಸ್ಲಿಲ್ಲ ನಿಂಗೆ” ಎಂದ ಗಂಡ ಹನುಮಂತರಾಜು, ಪೇಪರಿನ ಹಿಂದಿನಿಂದ.

“ನಿಮ್ ಕೆಮ್ಮಿಗೆ ನಾನು ಗ್ಯಾರಂಟಿ ಕೊಟ್ಟಿಲ್ಲ ಕಣ್ರೀ.”

ಸತ್ಯಮಂಗಲದಲ್ಲಿ ಅವಳದೊಂದು ಶೆಡ್ಡಿದೆ. ಬೋರ್ಡಿಲ್ಲ. ಡೀಸೆಲ್ ಪಂಪು, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, ಇವುಗಳ ರಿಪೇರಿ. ಕೆಲಸ ಕಲಿಸಿದ್ದು ಬೋರ್‌ವೆಲ್ ಲಾರಿಗಳ ಮೇಸ್ತ್ರಿಯಾಗಿದ್ದ ಅಪ್ಪ ಗುರುಸಿದ್ದಯ್ಯ. ಅವನು ಇಂಜಿನ್ನಿಗೆ ಕಿವಿ ಕೊಡುತ್ತಿದ್ದ. ಮಗಳು ಕೈ ಕೊಡುತ್ತಾಳೆ. ಬಿಸಿ ಪೈಪಿನ ಮೇಲೆ ಎರಡು ಬೆರಳು ಇಟ್ಟು ತೆಗೆಯುವಷ್ಟರಲ್ಲಿ ಅವಳಿಗೆ ಒಳಗಿನ ಸುದ್ದಿಯೆಲ್ಲ ತಿಳಿಯುತ್ತದೆ. ಶೆಡ್ಡಿಗೆ ಬಂದವರು ಇಂಜಿನ್ ಆಫ್ ಮಾಡುವ ಮುಂಚೆ ಎರಡು ನಿಮಿಷ ಸುಮ್ಮನೆ ಓಡಲು ಬಿಡಬೇಕು, ಟರ್ಬೊ ತಣಿಯಲಿ ಎಂದು. ಅವಸರಪಟ್ಟು ಆಫ್ ಮಾಡಿದವರ ಕೀ ಅವಳ ಸೆರಗಿನ ಗಂಟು ಸೇರುತ್ತದೆ. “ಬಿಸಿ ಬಿಸಿ ಕಾಫಿ ಕುಡಿದು ಓಡೋಗೋಕೆ ಇದೇನು ಬಸ್ ಸ್ಟ್ಯಾಂಡಾ?” ಎಂದು ಬೈಸಿಕೊಂಡು ದೊಡ್ಡ ದೊಡ್ಡ ಮೀಸೆಯವರೂ ಸ್ಟೀರಿಂಗ್ ಹಿಡಿದು ಶಾಲೆ ಮಕ್ಕಳಂತೆ ಕೂತಿರುತ್ತಾರೆ.

ಚನ್ನೇಶ ಗುಬ್ಬಿಯ ತೆಂಗಿನಕಾಯಿ ವ್ಯಾಪಾರಿ. ತನ್ನ ಹಳೇ ಪಿಕಪ್ಪಿಗೆ ದೊಡ್ಡ ಟರ್ಬೊ ಹಾಕಿಸಿ, ಪಂಪನ್ನು ಏರಿಸಿ, ಏರಿನಲ್ಲಿ ಎಲ್ಲರನ್ನೂ ಹಿಂದೆ ಹಾಕುವುದೇ ಅವನ ಜೀವನದ ಪರಮ ಸುಖವಾಗಿತ್ತು. ಡೀಸೆಲ್ಲು ಹೆಚ್ಚು ಕೊಟ್ಟರೆ ಶಕ್ತಿ ಹೆಚ್ಚುತ್ತದೆ, ನಿಜ. ಆದರೆ ಅದು ಉರಿಯಲು ಸಾಕಷ್ಟು ತಣ್ಣನೆ ಗಾಳಿ ಸಿಗದಿದ್ದರೆ ಕರಿಹೊಗೆಯ ಜೊತೆ ಬೆಂಕಿಯಂಥ ಬಿಸಿಯೂ ಹೊರಡುತ್ತದೆ. ಕಳೆದ ಬೇಸಿಗೆಯಲ್ಲಿ ಆ ಬಿಸಿಗೆ ಒಂದು ಪಿಸ್ಟನ್ ಮೇಣದಂತೆ ಕರಗಿತ್ತು. ಶಶಿರೇಖಾ ಹೊಸ ಪಿಸ್ಟನ್ ಹಾಕಿದಳು, ಪಂಪನ್ನು ಇಳಿಸಿದಳು, ಹೊಗೆಯ ಬಿಸಿ ತೋರಿಸುವ ಮೀಟರೊಂದನ್ನು ಡ್ಯಾಶ್‌ಬೋರ್ಡಿಗೆ ಕೂರಿಸಿ ಏಳುನೂರು ಡಿಗ್ರಿಯ ಮೇಲೆ ತನ್ನ ಉಗುರುಬಣ್ಣದಿಂದ ಕೆಂಪು ಗೆರೆ ಎಳೆದಳು.

ಗೆರೆ ಎಳೆದರೆ ಸಾಲದು ಎಂದು ಅವಳಿಗೆ ಗೊತ್ತಿತ್ತು. ಅವನ ಸೀಟಿನ ಕೆಳಗೊಂದು ಸ್ಪ್ಯಾನರ್ ಇತ್ತು. ಅದಕ್ಕೇ ಪಂಪಿನಲ್ಲಿ ಡೀಸೆಲ್ಲನ್ನು ಹೆಚ್ಚು ಕಡಿಮೆ ಮಾಡುವ ನಿಜವಾದ ಸ್ಕ್ರೂವನ್ನು ಅರಗು ಹಾಕಿ ಮುಚ್ಚಿದಳು. ಪಕ್ಕದಲ್ಲಿ, ಎದ್ದು ಕಾಣುವ ಹಾಗೆ, ಹಳದಿ ಬಣ್ಣ ಬಳಿದ ಇನ್ನೊಂದು ಸ್ಕ್ರೂ ಕೂರಿಸಿದಳು. ಅದಕ್ಕೂ ಇಂಜಿನ್ನಿಗೂ ಯಾವ ಸಂಬಂಧವೂ ಇರಲಿಲ್ಲ.

“ಚನ್ನೇಶಣ್ಣ, ಆ ಹಳದಿ ಸ್ಕ್ರೂ ಮಾತ್ರ ಮುಟ್ಬೇಡಿ” ಎಂದು ಮೂರು ಸಲ ಹೇಳಿದಳು.

ಒಂದೇ ವಾರಕ್ಕೆ ಚನ್ನೇಶ ಫೋನ್ ಮಾಡಿದ್ದ. “ಕಾಲು ಸುತ್ತು ತಿರುಗಿಸ್ದೆ ಶಶಕ್ಕ, ಬೈಬೇಡಿ. ಈಗ ಎಳೆಯೋ ಎಳೆತಾನೇ ಬೇರೆ!”

ಶಶಿರೇಖಾ ಫೋನನ್ನು ದೂರ ಹಿಡಿದು ನಕ್ಕು, ಹತ್ತಿರ ತಂದು ಬೈದಿದ್ದಳು.

ಇವತ್ತು ನಗು ಬರಲಿಲ್ಲ. ಗೇಟಿನಲ್ಲಿ ನಿಂತ ಚನ್ನೇಶನ ಮುಖ ಸಪ್ಪಗಿತ್ತು. “ಹೋದ್ ಮಂಗಳವಾರದಿಂದ ಮುಳ್ಳು ಗೆರೆ ದಾಟ್ತಾ ಐತೆ ಶಶಕ್ಕ. ನಿನ್ನೆ ಏಳ್ನೂರೆಪ್ಪತ್ತು. ಸ್ಕ್ರೂ ಪೂರ್ತಿ ಇಳಿಸ್ದೆ, ಕೇಳ್ಳೇ ಇಲ್ಲ. ಈಗ ಲೋಡ್ ಕುಣಿಗಲ್‌ಗೆ ಹೋಗ್ಬೇಕು, ನೀವೂ ಬನ್ನಿ. ಇನ್ನೊಂದ್ ಪಿಸ್ಟನ್ ಹೋಯ್ತು ಅಂದ್ರೆ ನಾನು ಸುಮ್ಕಿರಲ್ಲ. ಗುಬ್ಬಿಲಿ ಒಂದ್ ಗಾಡಿನೂ ನಿಮ್ ಶೆಡ್ ಕಡೆ ತಲೆ ಹಾಕ್ದಂಗೆ ಮಾಡ್ತೀನಿ.”

ಅವಳ ಶೆಡ್ಡಿಗೆ ಬರುವ ಗಾಡಿಗಳಲ್ಲಿ ಮುಕ್ಕಾಲು ಪಾಲು ಗುಬ್ಬಿಯವು. ಇದಕ್ಕಿಂತ ದೊಡ್ಡ ಇಕ್ಕಟ್ಟು ಇನ್ನೊಂದಿತ್ತು. ಡೀಸೆಲ್ಲು ಹೆಚ್ಚಾಗಿಲ್ಲ ಎಂದು ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತು. ಹೇಗೆ ಗೊತ್ತು ಎಂದು ಅವನು ಕೇಳಿದರೆ ಹಳದಿ ಸ್ಕ್ರೂವಿನ ಕತೆ ಹೇಳಬೇಕು. ಹೇಳಿದರೆ ಪಿಸ್ಟನ್ ಉಳಿದರೂ ಗಿರಾಕಿ ಉಳಿಯುವುದಿಲ್ಲ.

ಗಾಡಿಯಲ್ಲಿ ಆಗಲೇ ಚನ್ನೇಶನ ತಾಯಿ ಶಿವರುದ್ರಮ್ಮ ಕೂತಿದ್ದರು. ಕುಣಿಗಲ್ಲಿನಲ್ಲಿ ತಂಗಿಯ ಮೊಮ್ಮಗುವಿಗೆ ತೊಟ್ಟಿಲ ಶಾಸ್ತ್ರ. ಮಡಿಲಲ್ಲಿ ಹೂವಿನ ಬುಟ್ಟಿ, ಹಣೆ ತುಂಬ ವಿಭೂತಿ. ಶಶಿರೇಖಾ ತಾಯಿ ಮಗನ ನಡುವೆ ಕೂತು, ಗೇರು ಬದಲಾದಾಗಲೆಲ್ಲ ಮೊಣಕಾಲು ಸರಿಸಿಕೊಳ್ಳುತ್ತ, ಮುಳ್ಳನ್ನು ನೋಡುತ್ತ ಹೊರಟಳು.

ಸಮತಟ್ಟಿನಲ್ಲಿ ಆರುನೂರ ಐವತ್ತು. ಸಣ್ಣದೊಂದು ಏರು ಬಂದದ್ದೇ ತಡ, ಮುಳ್ಳು ಗೆರೆಯನ್ನು ಮುಟ್ಟಿ, ದಾಟಿ, ಏಳುನೂರ ಅರವತ್ತಕ್ಕೆ ಹೋಯಿತು.

“ಗೇರ್ ಇಳಿಸಿ, ಕಾಲೆತ್ತಿ!”

“ಎತ್ತಿದೀನಿ ಕಣಕ್ಕ, ಇನ್ನೆಲ್ಲಿಗೆ ಎತ್ತಲಿ, ತಲೆ ಮೇಲಕ್ಕಾ?”

“ನೀರಿಗೆ ಬಿಸಿ ಆಗ್ದೆ ಹೊಗೆಗೆ ಹೆಂಗೋ ಬಿಸಿ ಆಯ್ತದೆ?” ಎಂದು ಶಿವರುದ್ರಮ್ಮ ಕೇಳಿದರು. ಅವರ ಕಣ್ಣು ನೀರಿನ ಮೀಟರಿನ ಮೇಲಿತ್ತು. ಅದರ ಮುಳ್ಳು ನಡುವಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. ಮುದುಕಿ ಸಾಮಾನ್ಯಳಲ್ಲ ಎಂದು ಶಶಿರೇಖಾಳಿಗೆ ಆಗಲೇ ಅನ್ನಿಸಿತು.

ಹೆಬ್ಬೂರಿನಲ್ಲಿ ಟೀಗೆ ನಿಲ್ಲಿಸಿದರು. ಎರಡು ನಿಮಿಷ ಕಾದು ಆಫ್ ಮಾಡಿ ಚನ್ನೇಶ ಅಂಗಡಿಗೆ ಹೋದ. ಶಶಿರೇಖಾ ಬಾನೆಟ್ ಎತ್ತಿದಳು. ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿ ಮುಂದೆ ಬಂಪರಿನಲ್ಲಿರುವ ಕೂಲರಿಗೆ ಹೋಗಿ, ರಸ್ತೆಯ ಗಾಳಿಗೆ ತಣಿದು, ಇನ್ನೊಂದು ಪೈಪಿನಲ್ಲಿ ಇಂಜಿನ್ನಿಗೆ ವಾಪಸು ಬರಬೇಕು. ಹೋಗುವ ಪೈಪು ಸುಡಬೇಕು, ಬರುವ ಪೈಪು ಬೆಚ್ಚಗಿರಬೇಕು. ಎರಡು ಬೆರಳಿಟ್ಟಳು. ಹೋಗುವುದು ಸುಟ್ಟಿತು. ಬರುವುದೂ ಸುಟ್ಟಿತು.

ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತ ಗಾಡಿಯ ಮುಂದೆ ಬಂದು ನಿಂತಳು. ಹೊಸ್ತಿಲಷ್ಟು ಉದ್ದದ, ಹೊಸ ಹಿತ್ತಾಳೆ ಫಲಕವೊಂದು ಬಂಪರಿನ ಬಾಯಿಗೆ ಸರಿಯಾಗಿ ಅಡ್ಡ ಕೂತಿತ್ತು. ಶ್ರೀ ವೀರಭದ್ರಸ್ವಾಮಿ ಪ್ರಸನ್ನ. ಅದರ ಮೇಲೆ ಎರಡು ಸುತ್ತು ಚೆಂಡುಹೂವಿನ ಹಾರ. ಬೆಳಿಗ್ಗೆಯೇ ಅವಳು ಅದನ್ನು ನೋಡಿದ್ದಳು. ಕೈ ಮುಗಿದೂ ಇದ್ದಳು.

“ಚೆನ್ನಾಗೈತಾ?” ಶಿವರುದ್ರಮ್ಮ ಇಳಿದು ಬಂದಿದ್ದರು. “ಇಂಜಿನ್ ರಿಪೇರಿ ಆಗಿ ಗಾಡಿ ಉಳುದ್ರೆ ಫಲಕ ಹಾಕಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ಹೋದ್ ಸೋಮವಾರ ಹಾಕಿಸ್ದೆ.”

ಮುಳ್ಳು ಗೆರೆ ದಾಟತೊಡಗಿದ್ದು ಹೋದ ಮಂಗಳವಾರದಿಂದ. ಇಂಜಿನ್ ಉಳಿದದ್ದಕ್ಕೆ ತೀರಿಸಿದ ಹರಕೆಯೇ ಇಂಜಿನ್ನಿನ ಉಸಿರು ಕಟ್ಟಿಸಿತ್ತು. ಹರಕೆಯ ವಸ್ತುವನ್ನು ಬಿಚ್ಚಿ ಎಂದು ಹೇಳುವುದು ಹೇಗೆ? ಶಶಿರೇಖಾ ದನಿ ತಗ್ಗಿಸಿದಳು.

“ಚೆನ್ನಾಗೈತೆ ಅಮ್ಮ. ಆದ್ರೆ ಒಂದ್ ಮಾತು. ಗಾಡಿ ತೆಂಗಿನಕಾಯಿ ಮಂಡಿ ಹತ್ರ ನಿಂತಿರ್ತದಲ್ಲ, ಅಲ್ಲಿ ನಾಯಿಗಳು…”

“ನಾಯಿಗಳು?”

“ನಾಯಿ ಕಾಲೆತ್ತೋ ಎತ್ತರ ಎಷ್ಟು, ಸ್ವಾಮಿ ಕೂತಿರೋ ಎತ್ತರ ಎಷ್ಟು, ನೀವೇ ನೋಡಿ.”

ಶಿವರುದ್ರಮ್ಮ “ಶಿವಶಿವಾ” ಎಂದು ಕೆನ್ನೆ ಬಡಿದುಕೊಂಡರು. ಫಲಕ ನೋಡಿದರು. ಅದರ ಹಿಂದೆ ಮುಚ್ಚಿಹೋಗಿದ್ದ ಕೂಲರಿನ ಜಾಲರಿ ನೋಡಿದರು. ಆಮೇಲೆ ಶಶಿರೇಖಾಳ ಸುಟ್ಟ ಬೆರಳು ನೋಡಿದರು.

“ಭಾರಿ ಭಕ್ತೆ ಕಣವ್ವ ನೀನು. ನಿಜ ಹೇಳು. ಗಾಳಿಗೆ ಅಡ್ಡ ಆಯ್ತಾ ಇದು?”

ಶಶಿರೇಖಾ ಹೌದೆಂದು ತಲೆ ಆಡಿಸಿದಳು.

“ನನ್ ಮಗಂಗೆ ಗಾಳಿ ಕತೆ ಹೇಳ್ಬೇಡ. ಗಾಡಿ ಸುಟ್ಟಿದ್ದು ಅಮ್ಮನ ಹರಕೆ ಅಂತ ಸಾಯೋಗಂಟ ಆಡ್ಕತಾನೆ. ನಾಯಿ ಕತೆನೇ ಇರ್ಲಿ.” ಅಂಗಡಿಯ ಕಡೆ ತಿರುಗಿ ಕೂಗಿದರು: “ಏ ಚನ್ನೇಶಾ! ದೇವ್ರುನ್ನ ನಾಯಿ ಮಟ್ಟಕ್ಕೆ ಕೂರ್ಸಿದೀಯಲ್ಲೋ, ಬುದ್ಧಿ ಐತಾ ನಿಂಗೆ? ಬಿಚ್ಚಿ ತಲೆ ಮೇಲೆ ಕಟ್ಟು!”

“ನೀನೇ ಅಲ್ವೇನವ್ವ ಅಲ್ಲಿ ಹಾಕು ಅಂದಿದ್ದು?”

“ನಾನು ಗಾಡಿಗೆ ಹಾಕು ಅಂದೆ. ನಾಯಿಗೆ ಹಾಕು ಅಂದ್ನಾ?”

ಚನ್ನೇಶ ಗೊಣಗುತ್ತ ಫಲಕವನ್ನು ಬಿಚ್ಚಿ, ಕ್ಯಾಬಿನ್ನಿನ ನೆತ್ತಿಯ ಮೇಲೆ, ಹಗ್ಗ ಕಟ್ಟುವ ಕಂಬಿಗೆ ತಂತಿಯಿಂದ ಬಿಗಿದ. ಇಳಿದು ಬಂದವನು ಬಾನೆಟ್ ಮುಚ್ಚುವ ನೆಪದಲ್ಲಿ ಎರಡು ಕ್ಷಣ ಒಳಗೆ ತಲೆ ಹಾಕಿದ್ದನ್ನು ಶಶಿರೇಖಾ ಕಂಡಳು. ಕಾಣದವಳಂತೆ ಟೀ ಕುಡಿದಳು.

ಹೆಬ್ಬೂರು ದಾಟಿ ಉದ್ದನೆಯ ಏರು ಬಂತು. ಮೂವರ ಕಣ್ಣೂ ಮುಳ್ಳಿನ ಮೇಲೆ ನೆಟ್ಟವು. ಆರುನೂರ ನಲವತ್ತು. ಆರುನೂರ ಎಪ್ಪತ್ತು. ಹಿಂದೆ ಸಾವಿರದೈನೂರು ತೆಂಗಿನಕಾಯಿ ಒಂದನ್ನೊಂದು ತಳ್ಳಿಕೊಂಡು ಲಟಲಟ ಎಂದವು. ಆರುನೂರ ಎಂಬತ್ತೈದು. ಮುಳ್ಳು ಕೆಂಪು ಗೆರೆಯ ಹತ್ತಿರ ಬಂದು, ಅನುಮಾನಿಸಿ, ಅಲ್ಲೇ ನಿಂತಿತು. ಏರು ಮುಗಿಯಿತು. ಮುಳ್ಳು ಮೆಲ್ಲಗೆ ಇಳಿಯಿತು.

“ನೋಡಿದ್ರಾ!” ಚನ್ನೇಶ ಸ್ಟೀರಿಂಗ್ ಗುದ್ದಿದ. “ಹೆಬ್ಬೂರಲ್ಲಿ ಹಳದಿ ಸ್ಕ್ರೂನ ಒಂದೇ ಒಂದ್ ಚೂರು ಅಡ್ಜಸ್ಟ್ ಮಾಡ್ದೆ. ನಿಮಗೆ ಬೆರಳಿಗೆ ಗೊತ್ತಾದ್ರೆ, ನಮಗೆ ಸ್ಪ್ಯಾನರ್‌ಗೆ ಗೊತ್ತಾಯ್ತದೆ!”

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಕೆಡುತ್ತಿತ್ತು. ಶಿವರುದ್ರಮ್ಮ ಕಿಟಕಿಯ ಆಚೆಗೆ ತಿರುಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೆಮ್ಮಿದರು.

ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರು ಶಶಿರೇಖಾ ಇಳಿದಳು. ತುಮಕೂರಿನ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಚನ್ನೇಶನೂ ಇಳಿದು, ಕೈ ಹಿಸುಕಿಕೊಳ್ಳುತ್ತ ಹಿಂದೆಯೇ ಬಂದ. “ಶಶಕ್ಕ, ಬೆಳಿಗ್ಗೆ ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ನಾಳೆನೇ ಇನ್ನೆರಡು ಗಾಡಿ ಕಳಿಸ್ತೀನಿ. ಒಂದೇ ಒಂದು ಕೇಳ್ಲಾ? ಬಿಸಿ ಅಂತೂ ಇಳೀತಲ್ಲ… ಆ ಸ್ಕ್ರೂನ ಒಂದರ್ಧ ಸುತ್ತು ಏರಿಸ್ಲಾ?”

ಅವಳು ಅವನನ್ನು ನೋಡಿದಳು. ಗಾಡಿಯ ಕಿಟಕಿಯಲ್ಲಿ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಿದ್ದ ಶಿವರುದ್ರಮ್ಮನನ್ನು ನೋಡಿದಳು.

“ಅರ್ಧ ಯಾಕೆ ಚನ್ನೇಶಣ್ಣ, ಒಂದಿಡೀ ಸುತ್ತು ಏರಿಸ್ಕೊಳಿ. ಯಾಕಂದ್ರೆ ಆ ಸ್ಕ್ರೂ ಇದೆಯಲ್ಲ,” ಎನ್ನುತ್ತ ಬಸ್ಸಿನ ಕಡೆ ಹೆಜ್ಜೆ ಹಾಕಿದವಳು ತಿರುಗಿ ನೋಡದೆ, ಹಾರ್ನುಗಳ ಸದ್ದಿನಲ್ಲಿ ದನಿ ಏರಿಸದೆ, “ಅದನ್ನ ನಾನು ಕೂರಿಸ್ದಾಗ್ಲೇ ಇಂಜಿನ್ನಿಗೆ ಸೇರಿಸಿರ್ಲಿಲ್ಲ” ಎಂದಳು. ಚನ್ನೇಶನಿಗೆ ಕೇಳಿಸಿದ್ದು ಒಂದಿಡೀ ಸುತ್ತು ಎಂಬುದು ಮಾತ್ರ.