ಬೀಸುಕಲ್ಲಿನ ಎರಡನೆಯ ಸಾಲು

ತೊಂಬತ್ತರ ದಶಕದ ಕೊನೆಯಲ್ಲಿ ಬೈಲಹೊಂಗಲದ ಒಂದು ವಾರಪತ್ರಿಕೆಗೆ ನಾನು ಸುತ್ತಲಿನ ಊರುಗಳ ಇತಿಹಾಸ ಬರೆಯುತ್ತಿದ್ದೆ. ಮುನವಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ದೊಡ್ಡ ಮನೆತನದವರು ತಮ್ಮ ಹಿರಿಯನೊಬ್ಬನ ಮೂರ್ತಿ ನಿಲ್ಲಿಸಲು ಹೊರಟಿದ್ದರು. ಕಿತ್ತೂರಿನ ಕಾಳಗದ ಕಾಲಕ್ಕೆ ಊರಿನ ಹೆಬ್ಬಾಗಿಲಾದ ಅಗಸಿಯನ್ನು ಕಾಯುತ್ತ ಅವನು ಸತ್ತ ಎಂದು ಅವರು ಹೇಳುತ್ತಿದ್ದರು. ಅದೇ ಊರಿನ ಮುದುಕಿಯೊಬ್ಬಳು ಬೀಸುವಾಗ ಹಾಡುತ್ತಿದ್ದ ಹಾಡು ಬೇರೆಯದನ್ನೇ ಹೇಳುತ್ತಿತ್ತು: ವೈರಿಗೆ ಅಗಸಿ ತೆರೆದುಕೊಟ್ಟವನು ಆ ಮನೆಯವನೇ ಎಂದು. ಅದರ ಒಂದು ಸಾಲನ್ನು ಅಚ್ಚು ಹಾಕಿಸಿದೆ. ಎರಡನೆಯ ಸಾಲು ಬೇಡ ಎಂದವಳು ಅವಳೇ. ಹಾಡಿದವರು ಯಾರೆಂದು ನಾನು ಬರೆಯಲಿಲ್ಲ.

ಪತ್ರಿಕೆ ಹೊರಬಿದ್ದ ಮರುದಿನ ಮಧ್ಯಾಹ್ನ ಆ ಮನೆತನದ ಮೂವರು ಕಚೇರಿಗೆ ಬಂದರು. ಒಬ್ಬ ಬಾಗಿಲಿಗೆ ಚಿಲಕ ಹಾಕಿದ. ಇನ್ನೊಬ್ಬ ನನ್ನ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದ. ಮೂವರಲ್ಲಿ ಹಿರಿಯವನ ಕೈಯಲ್ಲಿ ಕಬ್ಬಿಣದ ಸರಳಿತ್ತು.

“ಯಾರು ಹಾಡಿದ್ದು, ಹೇಳ್ರಿ ಸಾಹೇಬ್ರ.”

“ಹೇಳೂದಿಲ್ಲ.”

ಸರಳು ಮಣಿಕಟ್ಟಿನ ಮೇಲೆ ಬಿತ್ತು. ಎಲುಬು ಮುರಿದ ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಕೈ ಹಿಡಿದಿದ್ದವನು ಬಾಯಿಗೆ ಗುದ್ದಿದ.

“ಭಾಳ ಶ್ಯಾಣ್ಯಾ ಅದಾನ ಇವ,” ಎಂದ ಹಿರಿಯವನು ಪತ್ರಿಕೆಯನ್ನು ನನ್ನ ಮುಖಕ್ಕೆ ಹಿಡಿದು. “ಬರದದ್ದನ್ನ ಬಾಯಿಬಿಟ್ಟು ಓದು.”

“ಅಗಸಿ ಬಾಗಿಲ ಅಗಳಿ ತೆಗದವನ್ಯಾರವ್ವ,” ಎಂದು ಓದಿ ನಿಲ್ಲಿಸಿದೆ. ಬಾಯಲ್ಲಿ ರಕ್ತ ತುಂಬಿತ್ತು.

“ನಮ್ಮ ಮನಿಯಾಗ ಉಂಡವನ,” ಎಂದ ಅವನು.

ಹಾಡಿನ ಧಾಟಿಯಲ್ಲೇ ಎಂದ. ಅಚ್ಚಾಗದ ಸಾಲು ಅದು. ಜೊತೆಗಿದ್ದ ಇಬ್ಬರೂ ಅವನ ಮುಖ ನೋಡಿದರು. ಅವನು ಸರಳನ್ನು ಇಳಿಸಿದ.

“ನಮ್ಮ ಅತ್ತಿ ಹಾಡು ಇದು,” ಎಂದ, ತನಗಷ್ಟೇ ಎಂಬಂತೆ. ಚಿಲಕ ತೆಗೆದು ಹೊರಟುಬಿಟ್ಟ. ಹೊರಗೆ ಅವರ ಜೀಪು ಚಾಲೂ ಆಯಿತು.

ಎಲ್ಲಿಗೆ ಎಂದು ನನಗೆ ತಿಳಿದಿತ್ತು. ಹಿಂದಿನ ಅಚ್ಚುಕೋಣೆಯಿಂದ ಓಡಿಬಂದ ಅಕ್ಷರ ಜೋಡಿಸುವವನು ಆಸ್ಪತ್ರೆಗೆ ನಡೀರಿ ಎಂದ. ಕೈಗೆ ಟವೆಲು ಸುತ್ತಿಕೊಂಡು ಮುನವಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಸರಳೇ ಕಣ್ಣ ಮುಂದಿತ್ತು.

ಮುದುಕಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಅಂಗಳದಲ್ಲಿ ಬೀಸುಕಲ್ಲು ಎರಡು ಹೋಳಾಗಿ ಬಿದ್ದಿತ್ತು. ಸುತ್ತ ಜೋಳದ ಹಿಟ್ಟು.

“ಹೊಡದನೇನ ಅವ್ವಾ?”

“ನನ್ನ ಮುಟ್ಟಲಿಲ್ಲ. ಕಲ್ಲು ಒಡದು ಹೋದ.”

“ನಿಮ್ಮ ಹೆಸರು ನಾ ಹೇಳಲಿಲ್ಲ.”

“ಯಾಕ ಹೇಳಬೇಕೋ ತಮ್ಮಾ? ನಮ್ಮಣ್ಣನ ಮಗ ಅವ. ಕೂಸಿದ್ದಾಗ ಅವನ್ನ ತೊಡಿ ಮ್ಯಾಲ ಮಲಗಿಸಿಕೊಂಡ ಬೀಸೇನಿ. ಈ ಹಾಡು ಕೇಳಿದ್ರನ ನಿದ್ದಿ ಬರತಿತ್ತು ಅವಂಗ.”

ಟವೆಲು ಸುತ್ತಿದ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ, “ಎರಡನೇದೂ ಹಾಕು ಇನ್ನ,” ಎಂದಳು.

ಪೆನ್ನನ್ನು ಎಡಗೈಯಲ್ಲಿ ಹಿಡಿದೆ. ಅಕ್ಷರ ಓರೆಯಾಗುತ್ತಿದ್ದವು.

“ಸಾವಕಾಶ ಬರಿ. ಹಾಡಿನ್ಯಾಗ ಇನ್ನೂ ಭಾಳ ನುಡಿ ಅದಾವ.”