ಕಂಬಕ್ಕೆ ತೂಗದೆ ಉಳಿದ ರಟ್ಟು

ನಾನು ನಿಂತಿದ್ದದ್ದು ಮಗ್ಗದ ಶೆಡ್ಡಿನ ಹೊಸ್ತಿಲಲ್ಲಿ. ಒಂದು ಕಾಲು ಒಳಗಿತ್ತು, ಇನ್ನೊಂದು ಹೊರಗೇ ಇತ್ತು. ಎಷ್ಟೋ ವರ್ಷಗಳ ಹಿಂದಿನ ಶ್ರಾವಣದ ಒಂದು ಸೋಮವಾರ, ಬೆಳಗಿನ ತಿಂಡಿ ಮುಗಿದು ಮಗ್ಗಗಳು ಮತ್ತೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನನ್ನ ಕಂಕುಳಲ್ಲಿ ಒಂದು ರಟ್ಟು ಇತ್ತು. ಇದನ್ನು ಮೊದಲೇ ಬರೆದಿಡುತ್ತಿದ್ದೇನೆ. ನಾನು ಎಲ್ಲಿ ನಿಂತಿದ್ದೆ ಎಂಬುದು ಗೊತ್ತಿಲ್ಲದಿದ್ದರೆ ನಾನು ಕಂಡದ್ದನ್ನು ನಂಬುವುದು ಕಷ್ಟ.

ಆ ರಟ್ಟು ಹೋದ ವಾರ ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ ಮತ್ತೆ ಸಿಕ್ಕಿತು. ಕಣ್ಣಿಗೆ ಬೀಳುವ ಮೊದಲೇ ವಾಸನೆ ಬಂತು. ಮೈದಾ ಅಂಟು, ಅದಕ್ಕೆ ಹುಳ ಬೀಳದಿರಲೆಂದು ಬೆರೆಸಿದ ಮೈಲುತುತ್ತ, ಮಗ್ಗದ ಎಣ್ಣೆ. ಮೂರೂ ಸೇರಿದ ಆ ವಾಸನೆ ನಮ್ಮೂರಿನಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಇರುತ್ತಿತ್ತು... ಅವರು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು. ಯಾರಿಗೂ ಪಾಠ ಹೇಳಿದವರಲ್ಲ. ಆದರೂ ಊರೆಲ್ಲ ಅವರನ್ನು ಲೈಬ್ರರಿ ಮೇಷ್ಟ್ರು ಎಂದೇ ಕರೆಯುತ್ತಿತ್ತು.

ನಮ್ಮೂರು ದೊಡ್ಡಬಳ್ಳಾಪುರಕ್ಕೆ ಹತ್ತಿರ. ಬೀದಿಗೆರಡು ಮಗ್ಗದ ಶೆಡ್ಡು. ಗ್ರಂಥಾಲಯದ ಬಾಗಿಲ ಮೇಲೆ ತೆರೆಯುವ ಹೊತ್ತಿನ ಬೋರ್ಡು ಇತ್ತು, ಆದರೆ ಆ ಹೊತ್ತಿನಲ್ಲಿ ಮಗ್ಗದವರಿಗೆ ಬಿಡುವು ಇರುತ್ತಿರಲಿಲ್ಲ. ಅವರಿಗೆ ಬಿಡುವು ಸಿಗುತ್ತಿದ್ದದ್ದು ಕರೆಂಟು ಹೋದಾಗ. ಅದಕ್ಕೇ ಊರಿನಲ್ಲಿ ಮಗ್ಗಗಳ ಸದ್ದು ನಿಂತ ಕೂಡಲೇ ಮೇಷ್ಟ್ರು ಊಟಕ್ಕೆ ಕೂತಿದ್ದರೂ ಕೈ ತೊಳೆದು ಬಂದು ಬೀಗ ತೆಗೆಯುತ್ತಿದ್ದರು. ಕರೆಂಟಿಲ್ಲದೆ ಓದುವುದು ಹೇಗೆ ಎಂದು ಪಂಚಾಯಿತಿಯಲ್ಲಿ ಯಾರೋ ನಕ್ಕರು. ಮೇಷ್ಟ್ರು ಮಾಡಿನ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಹೊದಿಸಿದರು. ಅದರ ಕೆಳಗೆ ಹಾಸಿದ ಚಾಪೆಯ ಮೇಲೆ ಬಿಸಿಲು ಬೀಳುತ್ತಿತ್ತು. ಎಣ್ಣೆ ಕೈಯವರಿಗೆಂದು ಬಾಗಿಲಲ್ಲಿ ಒಂದು ಬಕೆಟ್ ನೀರು, ಸೀಗೆಪುಡಿ, ಒಂದು ಹಳೆಯ ಪಂಚೆ ಇಟ್ಟರು.

ಪುಸ್ತಕಗಳಿಗೆ ಹೊದಿಕೆಯೂ ಮಗ್ಗದಿಂದಲೇ ಬಂತು. ಸೀರೆಯ ಅಂಚಿನಲ್ಲಿ ಹೂವು ಎಲ್ಲಿ, ಬಳ್ಳಿ ಎಲ್ಲಿ ಎಂದು ಮಗ್ಗಕ್ಕೆ ತಿಳಿಸಲು ಸಾಲು ತೂತು ಹೊಡೆದ ಉದ್ದನೆಯ ರಟ್ಟುಗಳಿರುತ್ತವೆ. ಡಿಸೈನು ಹಳತಾದರೆ ಅವನ್ನು ಒಲೆಗೆ ಹಾಕುತ್ತಿದ್ದರು. ಮೇಷ್ಟ್ರು ಅವನ್ನು ಬೇಡಿ ತಂದು, ಮೂರು ಮೂರು ಜೋಡಿಸಿ ಅಂಟಿಸಿ, ಬೆನ್ನು ಮುರಿದ ಪುಸ್ತಕಗಳಿಗೆ ಕಟ್ಟುತ್ತಿದ್ದರು. ನಾನು ಶೆಡ್ಡುಗಳಿಗೆ ನೂಲು ಹಾಕಿ ಬರುವ ಕೆಲಸದಲ್ಲಿದ್ದೆ. ಆ ರಟ್ಟುಗಳು ಹೆಚ್ಚಾಗಿ ನನ್ನ ಗಾಡಿಯಲ್ಲೇ ಬರುತ್ತಿದ್ದವು.

ಆಮೇಲೆ ಮಗ್ಗಗಳಿಗೆಂದೇ ಬೇರೆ ಲೈನು ಎಳೆದರು. ಕರೆಂಟು ಹೋಗುವುದು ನಿಂತಿತು. ಊರಿಗೆಲ್ಲ ಸಂತೋಷ. ಗಾಜಿನ ಹೆಂಚಿನ ಬಿಸಿಲು ಖಾಲಿ ಚಾಪೆಯ ಮೇಲೆ ಬೀಳತೊಡಗಿತು...

"ಯಾರೂ ಬರ್ತಿಲ್ವಲ್ಲ ಮೇಷ್ಟ್ರೇ" ಎಂದೆ ಒಂದು ದಿನ.

"ಕರೆಂಟ್ ಬಂತು ಅಂತ ಅಳೋಕಾಗುತ್ತೇನಪ್ಪಾ? ಅವರ ಮನೇಲಿ ಒಲೆ ಉರೀತಿದೆ. ಅವರು ಬರಕ್ಕಾಗಲ್ಲ ಅಂದ್ರೆ ನಾವೇ ಹೋಗೋಣ."

ಹಾಗೆ ಶುರುವಾದದ್ದು ರಟ್ಟಿನ ಕಥೆ. ಹಳೆಯ ಕ್ಯಾಲೆಂಡರಿನ ಹಿಂಬದಿಯ ಬಿಳಿ ಹಾಳೆಯನ್ನು ರಟ್ಟಿಗೆ ಅಂಟಿಸಿ, ದಪ್ಪ ಅಕ್ಷರದಲ್ಲಿ ಒಂದು ಕಥೆಯ ಒಂದೊಂದು ತುಂಡು ಬರೆಯುತ್ತಿದ್ದರು. ಕಳೆದುಹೋದ ಎಮ್ಮೆಯನ್ನು ಹುಡುಕಿಕೊಂಡು ಹೊರಟ ಒಬ್ಬ ಹೆಂಗಸಿನ ಕಥೆ. ಯಾವುದೋ ಗೆದ್ದಲು ತಿಂದ ಪುಸ್ತಕದ್ದು. ಕೊನೆಯ ಪುಟಗಳು ಇಲ್ಲದ್ದರಿಂದ ಮುಂದಿನದನ್ನು ಅವರೇ ಕಟ್ಟುತ್ತಿದ್ದರು. ದಿನಕ್ಕೊಂದು ರಟ್ಟನ್ನು ನಾನು ನೂಲಿನ ಜೊತೆ ಒಯ್ದು ತೂಗುಹಾಕಿ, ಹಿಂದಿನ ದಿನದ್ದನ್ನು ಮುಂದಿನ ಶೆಡ್ಡಿಗೆ ಸಾಗಿಸುತ್ತಿದ್ದೆ.

ಎಲ್ಲಿ ತೂಗುಹಾಕಬೇಕು ಎಂಬುದರಲ್ಲಿ ಮೇಷ್ಟ್ರು ಬಹಳ ಕಟ್ಟುನಿಟ್ಟು. ಮಗ್ಗದ ಎದುರಿಗೆ ಕೂಡದು, ಪಕ್ಕಕ್ಕೆ ಕೂಡದು. ನೇಯುವವರ ಬೆನ್ನ ಹಿಂದಿನ ಕಂಬಕ್ಕೇ ಹಾಕಬೇಕು. ಮಗ್ಗ ನಿಲ್ಲಿಸಿ ತಿರುಗಿದರೆ ಮಾತ್ರ ಕಾಣಬೇಕು.

ಮೇಷ್ಟ್ರು ಆಗಾಗ ಸಂಜೆ ನನ್ನ ಜೊತೆ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಂದು ಶೆಡ್ಡಿನಲ್ಲಿ ಓದು ಬಾರದವರಿಗೆ ಅಲ್ಲೇ ನೇಯುತ್ತಿದ್ದ ಗೌರಮ್ಮ ಕೂಗಿ ಓದಿ ಹೇಳುತ್ತಿದ್ದಳು. ಎದುರು ಮಗ್ಗದ ನಾಗರತ್ನಳಿಗೆ ತಾಳ್ಮೆ ಇರಲಿಲ್ಲ.

"ಎಮ್ಮೆ ಇವತ್ತೂ ಸಿಗ್ಲಿಲ್ವಾ? ಘಾಟಿ ದನದ ಜಾತ್ರೆಗೆ ಹೋಗಿ ಹೊಸದನ್ನೇ ತರಬೋದಿತ್ತು ಅವ್ಳು!"

"ನಿನ್ ಗಂಡ ಕಳ್ದೋದ್ರೆ ಹಂಗೇ ತರ್ತೀಯೇನೇ?" ಎನ್ನುತ್ತಿದ್ದಳು ಗೌರಮ್ಮ.

ಶೆಡ್ಡೆಲ್ಲ ನಗುತ್ತಿತ್ತು. ಮೇಷ್ಟ್ರೂ ನಗುತ್ತಿದ್ದರು, ಶಬ್ದವಿಲ್ಲದೆ. ಅವರ ಓದುಗರು ಅವರಿಗೆ ವಾಪಸು ಸಿಕ್ಕಿದ್ದರು.

ಆ ಸೋಮವಾರ... ನಾನು ಹೊಸ್ತಿಲಲ್ಲಿದ್ದೆ. ಗೌರಮ್ಮನ ಮಗ್ಗದಲ್ಲಿ ಎಳೆಯೊಂದು ಕಡಿದಿತ್ತು. ಮಗ್ಗ ನಿಲ್ಲಿಸಿ ಎಳೆ ಗಂಟು ಹಾಕಿ ಮತ್ತೆ ಚಾಲೂ ಮಾಡಿದಳು. ಗಂಟು ಸರಿಯಾಗಿ ದಾಟುತ್ತದೆಯೇ ಎಂದು ಬಟ್ಟೆಯ ಕಡೆ ಬಗ್ಗಿದಳು. ನೂಲು ಹೊತ್ತು ಅತ್ತಿತ್ತ ಓಡುವ ಲಾಳಿ ಎಡಗಡೆಯಿಂದ ಹೊರಗೆ ಹಾರಿತು. ಲಾಳಿ ಹಾರದಂತೆ ತಡೆಯುವ ಕಂಬಿ ಆ ಮಗ್ಗಕ್ಕೆ ಇರಲಿಲ್ಲ. ಅವಳ ಎಡಗಣ್ಣಿಗೆ ಬಡಿಯಿತು. ಅವಳು ಕೂಗಿದ್ದು ನನಗೆ ಕೇಳಿಸಲಿಲ್ಲ, ಬಾಯಿ ತೆರೆದದ್ದು ಮಾತ್ರ ಕಂಡಿತು. ಉಳಿದ ಮಗ್ಗಗಳು ಆಡುತ್ತಲೇ ಇದ್ದವು.

ಮೇಷ್ಟ್ರು ಓಡಿ ಬರುವಷ್ಟರಲ್ಲಿ ಅವಳನ್ನು ಆಟೋಗೆ ಹತ್ತಿಸಿಯಾಗಿತ್ತು. ಅವರು ಕಂಡದ್ದು ನೆಲದ ಮೇಲಿನ ರಕ್ತ, ಕಂಬದ ಮೇಲಿನ ತಮ್ಮ ಅಕ್ಷರ. ಆ ಹೊತ್ತಿಗೆ ಸರಿಯಾಗಿ ಶೆಡ್ಡಿನ ಯಜಮಾನ, "ಓದಾಕೋಗಿ ಕಣ್ಣು ಕಳ್ಕೊಂಡ್ಳು! ಏನ್ ಮೇಷ್ಟ್ರೇ, ಆಯ್ತಾ ನಿಮ್ ಕಥೆ?" ಎಂದ. ಅವನೂ ಆಮೇಲೆ ಬಂದವನೇ, ಲಾಳಿ ಹಾರಿದ್ದನ್ನು ಕಂಡಿರಲಿಲ್ಲ. ಆದರೆ ತಡೆಕಂಬಿಯ ಮಾತು ಬರುವ ಮೊದಲೇ ರಟ್ಟಿನ ಮಾತು ಊರೆಲ್ಲ ಹಬ್ಬಿತು.

ಮೇಷ್ಟ್ರು ಆ ರಟ್ಟನ್ನು ಬಿಚ್ಚಿ ಎದೆಗೆ ಒತ್ತಿಕೊಂಡು ಹೊರಟರು. ಸಂಜೆಯೊಳಗೆ ಪ್ರತಿ ಶೆಡ್ಡಿಗೂ ಹೋಗಿ ಎಲ್ಲವನ್ನೂ ಇಳಿಸಿದರು. ಅವತ್ತು ಹಾಕಲೆಂದು ತಂದಿದ್ದ ಹೊಸ ತುಂಡು ನನ್ನ ಬಳಿಯೇ ಉಳಿದಿತ್ತು. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ.

ತಿಂಗಳು ಕಳೆದ ಮೇಲೆ ಹೋಗಿ ಹೇಳಿದೆ. "ಮೇಷ್ಟ್ರೇ, ನಾನು ನೋಡ್ದೆ. ಅವಳು ಬಟ್ಟೆ ನೋಡ್ತಿದ್ಲು. ರಟ್ಟು ಅವಳ ಬೆನ್ನ ಹಿಂದಿತ್ತು. ಓದ್ತಿದ್ದಿದ್ರೆ ಲಾಳಿ ತಲೆ ಹಿಂದಕ್ಕೆ ಬಡೀತಿತ್ತು, ಕಣ್ಣು ಉಳೀತಿತ್ತು."

ಅವರು ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಅಂಟು ಒಣಗಿ ಬಿರುಕು ಬಿಟ್ಟಿತ್ತು.

"ನೀನು ಒಳ್ಳೇವ್ನು ಕಣಪ್ಪ" ಎಂದರು.

ಅಷ್ಟೇ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಆಮೇಲೆ ಎಷ್ಟೋ ಸಲ ಹೇಳಿದೆ. ಪ್ರತಿ ಸಲವೂ ಹಾಗೆಯೇ ತಲೆಯಾಡಿಸಿದರು. ಗೌರಮ್ಮನ ಬೀದಿಯಲ್ಲಿ ಅವರು ಮತ್ತೆ ನಡೆಯಲಿಲ್ಲ. ಕೆಲಸ ಇರುವವರೆಗೂ ಬೋರ್ಡಿನ ಹೊತ್ತಿಗೆ ಬಾಗಿಲು ತೆಗೆದು, ಬೋರ್ಡಿನ ಹೊತ್ತಿಗೆ ಮುಚ್ಚಿದರು. ಹೋದ ವರ್ಷ ತೀರಿಕೊಂಡರು. ಎತ್ತುವಾಗ ನಾನು ಅವರ ಕೈ ಮುಟ್ಟಿದೆ. ಆ ವಾಸನೆ ಇರಲಿಲ್ಲ...

ನಿನ್ನೆ ರಟ್ಟನ್ನು ಗೌರಮ್ಮನ ಮನೆಗೆ ಒಯ್ದೆ. ಅವಳು ಅದನ್ನು ಬಲಗಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ಗಟ್ಟಿಯಾಗಿ ಓದಿದಳು. ಹೆಂಗಸು ಕೆರೆ ಏರಿಯ ಮೇಲೆ ನಿಂತಿದ್ದಾಳೆ. ಕತ್ತಲಾಗುತ್ತಿದೆ. ಎಲ್ಲೋ ಗಂಟೆಯ ಸದ್ದು ಕೇಳಿಸುತ್ತಿದೆ. ಅಲ್ಲಿಗೆ ಮುಗಿದಿತ್ತು.

"ಸಿಕ್ತೋ ಇಲ್ವೋ, ಹೇಳದೇ ಹೋದ್ರಲ್ಲ ಕಣಣ್ಣ" ಎಂದಳು. ರಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, "ನಾನು ಅವತ್ತು ಏನ್ ನೋಡ್ತಿದ್ದೆ ಅಂತ ನಂಗೇ ಗ್ಯಾಪ್ಕ ಇಲ್ಲ. ಗ್ಯಾಪ್ಕ ಇದ್ದಿದ್ರೆ ನಾನೇ ಅವರ ಮನೆಗೋಗಿ ಹೇಳ್ತಿದ್ದೆ" ಎಂದಳು. ರಟ್ಟನ್ನು ವಾಪಸು ಕೊಡಲಿಲ್ಲ. ನಾನೂ ಕೇಳಲಿಲ್ಲ.

ಯಜಮಾನ ಸತ್ತ. ಶೆಡ್ಡು ಈಗ ಸಿಮೆಂಟಿನ ಗೋದಾಮು, ಆ ಕಂಬ ಮಾತ್ರ ಇನ್ನೂ ಇದೆ. ಲಾಳಿ ಹಾರಿದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವರು ಇಬ್ಬರೇ. ಹೊಸ್ತಿಲಲ್ಲಿ ನಿಂತಿದ್ದ ನಾನು ಒಬ್ಬ. ಎದುರು ಮಗ್ಗದಲ್ಲಿದ್ದ ನಾಗರತ್ನ ಇನ್ನೊಬ್ಬಳು. ಅವಳು ಈಗ ಸೋಂಪುರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಗೌರಮ್ಮನ ಮುಖ ಬಟ್ಟೆಯ ಕಡೆಗಿತ್ತು ಎಂದು, ಯಾರು ಕೇಳಿದರೂ, ಅವಳೂ ಹೇಳುತ್ತಾಳೆ.